ಭಾನುವಾರಕ್ಕೆ ಮುಂಚೆ ಓದಿ: ಹುಳದ ಕ್ರೋಮೋಸೋಮ್ ಪ್ರಶ್ನೆ

ಪುಣೆ ಗೆಳೆಯರೇ, ಭಾನುವಾರ ನಮ್ಮೂರಿನ ಪಾಷಾಣ್ ಬಡಾವಣೆಯಲ್ಲಿ ಸೇರುವ ಮೊದಲು ಇದನ್ನು ಓದಿಕೊಳ್ಳಿ. ಕಳೆದ ಸಲ ವಡಾ-ಪಾವ್ ಗಲಾಟೆಯಲ್ಲಿ ಒಂದು ಪ್ರಶ್ನೆ ಹಾಗೇ ಉಳಿಯಿತು. ಲ್ಯಾಬ್‌ಗಳಲ್ಲಿ ಸಾಕುವ ಸಿ. ಎಲೆಗನ್ಸ್ ಹುಳದ ಕ್ರೋಮೋಸೋಮ್‌ಗಳನ್ನು (ಜೀವಕೋಶದೊಳಗಿನ ಡಿಎನ್‌ಎ ಕಟ್ಟುಗಳನ್ನು) ಬರೀ ನೋಡಿ ಯಾವುದು ಯಾವುದೆಂದು ಗುರುತಿಸಬಹುದಾ?

ಕಷ್ಟ. ಹುಳವೇ ಸುಮಾರು 1 ಮಿಲಿಮೀಟರ್. ಅದರ 6 ಬಗೆಯ ಕ್ರೋಮೋಸೋಮ್‌ಗಳು ಗಾತ್ರದಲ್ಲಿ ಹೆಚ್ಚು ಕಮ್ಮಿ ಒಂದೇ. ನಮ್ಮ ಕ್ರೋಮೋಸೋಮ್‌ಗಳಿಗೆ ಇರುವಂಥ ಸೊಂಟವೂ ಇಲ್ಲ, ಸೆಂಟ್ರೋಮಿಯರ್ (ಕೋಶ ಎರಡಾಗುವಾಗ ಕ್ರೋಮೋಸೋಮನ್ನು ಎಳೆಯುವ ದಾರಗಳು ಹಿಡಿಯುವ ಜಾಗ) ಉದ್ದಕ್ಕೂ ಹರಡಿದೆ. ಅದಕ್ಕೇ ಹೊಳೆಯುವ ಡಿಎನ್‌ಎ ತುಣುಕು ಬೇಕು. ಬಿಸಿ ಮಾಡಿ ಡಿಎನ್‌ಎಯ ಜೋಡಿ ಎಳೆ ಬಿಡಿಸಿದರೆ, ತುಣುಕು ತನ್ನ ಜೋಡಿಗೆ ಹೋಗಿ ಅಂಟಿಕೊಳ್ಳುತ್ತದೆ. 5ಎಸ್ ಆರ್‌ಡಿಎನ್‌ಎ (ಪ್ರೋಟೀನ್ ತಯಾರಿಸುವ ರೈಬೋಸೋಮ್‌ನ ಒಂದು ಭಾಗಕ್ಕೆ ಬೇಕಾದ ಜೀನ್) ತುಣುಕು ಹಾಕಿದರೆ 5ನೇ ಕ್ರೋಮೋಸೋಮ್ ಮೇಲೆ ಚುಕ್ಕಿ ಮಿನುಗುತ್ತದೆ. ಲಿಂಗ ನಿರ್ಧರಿಸುವ ಎಕ್ಸ್ ಕ್ರೋಮೋಸೋಮ್‌ಗೆ ಬೇರೆ ಬಣ್ಣ ಕೊಟ್ಟರೆ ಇನ್ನೂ ಮಜಾ: ದ್ವಿಲಿಂಗಿ ಹುಳದಲ್ಲಿ ಎರಡು ಎಕ್ಸ್, ಗಂಡಿನಲ್ಲಿ ಒಂದೇ. ವೈ ಇಲ್ಲವೇ ಇಲ್ಲ, ವಿಚಿತ್ರ ಅಲ್ವಾ?

ಇಂಥ ಫೋಟೋ ಇದ್ದವರು ಇಲ್ಲೇ ಹಾಕಿ. ಗುಡ್ ಮಾರ್ನಿಂಗ್ ಚಿತ್ರ ಮಾತ್ರ ಬೇಡ, ಪ್ಲೀಸ್.