ಶಾಸಕರೇ, ಒಳಗಿರುವವನ ಹತ್ತಿರ ಒಬ್ಬ ವಕೀಲರನ್ನು ಕಳಿಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

ತುಮಕೂರಿನ ಅಂತರಸನಹಳ್ಳಿ ಕಡೆ ಗುಜರಿ ಅಂಗಡಿ ಇಟ್ಟುಕೊಂಡವನು ನಾನು. ಓಟು ಕೇಳಲು ಬಂದಾಗ ನಮ್ಮ ಶೆಡ್ಡಿನ ಮುಂದೆ ನಿಂತು ಟೀ ಕುಡಿದಿದ್ದಿರಿ. ಆ ಟೀ ತಂದುಕೊಟ್ಟ ಹುಡುಗನ ವಿಷಯಕ್ಕೇ ಈ ಪತ್ರ.

ರಟ್ಟು, ಬಾಟಲಿ ಬೇರೆ ಮಾಡುವ ಕೆಲಸಕ್ಕಿದ್ದ. ಊರು ಪಶ್ಚಿಮ ಬಂಗಾಳದ ಮಾಲ್ದಾ ಅನ್ನುತ್ತಿದ್ದ. ಬಾಂಗ್ಲಾದೇಶದವನು ಎಂಬ ಅನುಮಾನದ ಮೇಲೆ ನಾಲ್ಕು ತಿಂಗಳ ಹಿಂದೆ ಕರೆದುಕೊಂಡು ಹೋದರು. ಯಾವ ಠಾಣೆ, ಈಗ ಎಲ್ಲಿಟ್ಟಿದ್ದಾರೆ ಅಂತ ಹೆಸರು ಹಾಕುವುದಿಲ್ಲ. ನಾಳೆ ನಾನು ಮತ್ತೆ ಅಲ್ಲಿಗೇ ಹೋಗಿ ನಿಲ್ಲಬೇಕಲ್ವಾ.

ಅವನ ಕಾಗದಗಳು ಶೆಡ್ಡಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಅಪ್ಪನ ಹೆಸರಿನ ಜಮೀನು ಪತ್ರ, ಮತದಾರರ ಪಟ್ಟಿಯ ಜೆರಾಕ್ಸು. ಡಬ್ಬಿ ಸಮೇತ ತೆಗೆದುಕೊಂಡು ಹೋದೆ. ಮೇಜಿನ ಹಿಂದಿದ್ದವರು ಒಂದು ಹಾಳೆ ಎತ್ತಿ ನೋಡಿ, "ಇದು ಬಾಂಗ್ಲಾ ಭಾಷೆ ಅಲ್ವೇನ್ರೀ? ಇನ್ನೇನು ಸಾಕ್ಷಿ ಬೇಕು?" ಅಂದರು. ನಾನು ಜೇಬಿನಿಂದ ನೂರರ ನೋಟು ತೆಗೆದೆ. ಲಂಚ ಅಂದುಕೊಂಡರೋ ಏನೋ, ಆಚೀಚೆ ನೋಡಿದರು. ನೋಟಿನ ಹಿಂದೆ 15 ಭಾಷೆ ಇವೆ ಸಾರ್, ನಮ್ಮ ಕನ್ನಡಕ್ಕಿಂತ ಎರಡು ಸಾಲು ಮೇಲೇ ಬಂಗಾಳಿ ಇದೆ, ಓದಿ ಅಂದೆ. "ಜಾಸ್ತಿ ಮಾತಾಡಬೇಡಿ, ಲಾಯರ್ ಕರ್ಕೊಂಡು ಬನ್ನಿ." ಡಬ್ಬಿ ವಾಪಸ್ ನನ್ನ ಕೈಗೇ ಬಂತು.

ಕಾನೂನು ನಿಮಗೆ ಗೊತ್ತೇ ಇದೆ. 1946ರ ವಿದೇಶಿಯರ ಕಾಯ್ದೆ ಹೋಗಿ 2025ರ ಸೆಪ್ಟೆಂಬರ್ 1ರಿಂದ ಹೊಸದು ಬಂದಿದೆ. ಆದರೂ ತಾನು ವಿದೇಶಿ ಅಲ್ಲ ಅಂತ ಸಿಕ್ಕಿಬಿದ್ದವನೇ ತೋರಿಸಬೇಕು, ಅದು ಬದಲಾಗಿಲ್ಲ. ಆಧಾರ್ ಪೌರತ್ವಕ್ಕೆ ಸಾಕ್ಷಿಯಲ್ಲ, ಅದನ್ನೂ ಒಪ್ಪಿದೆ. ಫೋನು ಕಿತ್ತುಕೊಂಡು, ಭಾಷೆ ಬರದ ಕಡೆ ಕೂರಿಸಿ, ತಂದ ಕಾಗದವನ್ನೂ ಓದದೆ "ತೋರಿಸು" ಅಂದರೆ ಅವನು ಎಲ್ಲಿಂದ ತೋರಿಸಬೇಕು?

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂನಲ್ಲಿ ಬಂಧನದಲ್ಲಿರುವವರಿಗೆ ಪುಕ್ಕಟೆ ವಕೀಲರ ನೆರವು ಅಂತಿದೆ. ನನಗೆ ಇದು ಗೊತ್ತಾಗಿದ್ದು ನವೆಂಬರ್ 9ರ ಕಾನೂನು ಸೇವೆಗಳ ದಿನ ಮಗಳ ಕಾಲೇಜಿನಲ್ಲಿ ಹಂಚಿದ ಕರಪತ್ರದಿಂದ. ಹೊರಗಿರುವ ಮಕ್ಕಳಿಗೆ ಭಾಷಣ, ಫ್ಲೆಕ್ಸು, ಲಾಡು. ಒಳಗಿರುವವನಿಗೆ ಒಂದು ಚೀಟಿಯೂ ಇಲ್ಲ. 15100ಕ್ಕೆ ಕರೆ ಮಾಡಿ ಅಂತಲೂ ಅದರಲ್ಲಿತ್ತು. ಯಾವ ಫೋನಿಂದ ಮಾಡಲಿ ಅವನು?

ನಾನು ಇದುವರೆಗೆ ಆರು ಸಲ ಹೋಗಿ ಬಂದಿದ್ದೇನೆ. ಹೋದ ದಿನವೆಲ್ಲ ಶೆಡ್ಡಿಗೆ ಬೀಗ. ಮಂಡಿ ನೋವು ಬೇರೆ. "ಅವನೇನು ನಿಮ್ಮ ತಮ್ಮನಾ?" ಅಂತ ಹೆಂಡತಿ ಕೇಳುತ್ತಾಳೆ. ನಿನಗಾದರೆ ಬಸ್ಸು ಫ್ರೀ, ನೀನೇ ಹೋಗಿ ಬಾ ಅಂದೆ. ಅವತ್ತು ರಾತ್ರಿ ಅನ್ನಕ್ಕೆ ಸಾರು ಇರಲಿಲ್ಲ.

ಕಳೆದ ಸಲ ಹೋದಾಗ ಹುಡುಗ ಎಡಗೈ ಹೆಬ್ಬೆರಳು ತೋರಿಸಿದ. ಉಗುರಿನ ಸಂದಿಯಲ್ಲಿ ನೀಲಿ ಇಂಕು ಇನ್ನೂ ಹೋಗಿರಲಿಲ್ಲ. ಕನ್ನಡದ ಯಾವುದೋ ಕಾಗದಕ್ಕೆ ಒತ್ತಿಸಿಕೊಂಡಿದ್ದಾರೆ. ಏನು ಬರೆದಿತ್ತು ಅಂತ ನನ್ನನ್ನೇ ಕೇಳುತ್ತಾನೆ. ಶಾಸಕರೇ, ಅವನಿಗೆ ಸಹಿ ಮಾಡಲು ಬರುತ್ತದೆ. ವಾರವಾರ ನನ್ನ ಕೂಲಿ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದ.

ಅವನು ಬಾಂಗ್ಲಾದವನೇ ಆಗಿದ್ದರೆ ಕಾನೂನಿನ ಪ್ರಕಾರ ವಾಪಸ್ ಕಳಿಸಿ, ನನ್ನ ತಕರಾರಿಲ್ಲ. ಆಗಲೂ ವಕೀಲರು ಬೇಕು. ಸಂವಿಧಾನದ 21ನೇ ವಿಧಿ ನಾಗರಿಕ ಅನ್ನುವುದಿಲ್ಲ, ವ್ಯಕ್ತಿ ಅನ್ನುತ್ತದೆ.

ನಾನು ಕೇಳುವುದು ಇಷ್ಟೇ. ಇಂಥವರನ್ನು ಇಟ್ಟಿರುವ ಕಡೆ ವಾರಕ್ಕೊಮ್ಮೆ ಒಬ್ಬ ವಕೀಲರು ಹೋಗಲಿ. ಜೊತೆಗೆ ಬಂಗಾಳಿ ಬಲ್ಲವರು ಒಬ್ಬರು. ನಿನ್ನ ಹಕ್ಕು ಇದು, ಓದದೆ ಒತ್ತಬೇಡ ಅಂತ ಅವರ ಭಾಷೆಯಲ್ಲಿ ಒಂದು ಹಾಳೆ. ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ರಸ್ತೆ ಗುಂಡಿ ಮುಗಿದ ಮೇಲೆ ಎರಡು ನಿಮಿಷ ಇದನ್ನು ಎತ್ತಿ. ವಾರಕ್ಕೊಬ್ಬ ವಕೀಲರು ಸಾರ್, ಅಷ್ಟೇ.

ಡಬ್ಬಿ ನನ್ನ ಹತ್ತಿರವೇ ಇದೆ. ಶೆಡ್ಡಲ್ಲಿ ಇಲಿ ಕಾಟ ಅಂತ ಮನೆಗೆ ತಂದು ಬೀರುವಿನಲ್ಲಿಟ್ಟಿದ್ದೇನೆ. ವಕೀಲರು ಯಾರು ಅಂತ ಹೇಳಿದರೆ ಅದೇ ದಿನ ತಂದುಕೊಡುತ್ತೇನೆ.

ಇಂತಿ,
ನಿಮಗೆ ಟೀ ಕೊಡಿಸಿದ ಗುಜರಿ ಅಂಗಡಿಯವನು