ಗ್ಯಾಲರಿಯಲ್ಲಿ ನನ್ನ ಮುಖ

ಪುಟ್ಟಿ,

ನಾಳೆ ಬೆಳಿಗ್ಗೆ ಕ್ಯಾಂಪಿಗೆ ಹೊರಡ್ತೀಯ, ಮೂರು ದಿನದಿಂದ ಊಟಕ್ಕೆ ಕರೆದ್ರೂ ಬರೀ "ಹ್ಞೂಂ", ಅದಕ್ಕೇ ಬರೀತಿದೀನಿ. ಕಾರಲ್ಲಿ ಆಗಿದ್ದು ಇಬ್ರಿಗೂ ಗೊತ್ತು, ಕೆದಕಲ್ಲ.

ನನ್ನ ತಲೇಲಿ ಕೂತಿರೋದು ಆ ಬ್ಯಾಡ್ಮಿಂಟನ್ ಮ್ಯಾಚಿನ ಮೂರನೇ ಗೇಮು, 19-14. ನಿಂಗೆ ಗೆಲ್ಲೋಕೆ ಎರಡೇ ಪಾಯಿಂಟು ಬೇಕಿತ್ತು. ನೆಟ್ ಹತ್ರ ಆಡಿದ್ದು ಟೇಪಿಗೆ ತಾಗಿ ನಿನ್ನ ಕಡೇನೇ ಬಿತ್ತು, ನೀನು ಶಟಲ್ ಎತ್ಕೊಳ್ಳೋ ಮೊದಲು ತಿರುಗಿ ಗ್ಯಾಲರಿ ಕಡೆ ನನ್ನ ನೋಡಿದೆ. ನಾನು ಹಣೆ ಚಚ್ಚಿಕೊಂಡೆ. ಮುಂದಿನದು ಹಿಂದಿನ ಲೈನ್ ದಾಟಿ ಹೋಯ್ತು, ಮತ್ತೆ ನೋಡಿದೆ, ನಾನು ತಲೆ ಅಲ್ಲಾಡಿಸಿದೆ. 19-19 ತನಕ ಹಿಂಗೇ, ಪ್ರತಿ ಪಾಯಿಂಟಿಗೂ ಒಂದ್ಸಲ ನನ್ನ ಮುಖ. ಕೊನೇಲಿ ನಾನು ಮುಖಾನೇ ಆ ಕಡೆ ತಿರುಗಿಸಿಬಿಟ್ಟೆ. 19-20ಕ್ಕೆ ನೀನು ರಾಕೆಟ್ ನೆಲಕ್ಕೆ ಬಡಿದು ಹಳದಿ ಕಾರ್ಡ್ ತಗೊಂಡಿದ್ದು ಎಲ್ರಿಗೂ ಕಾಣಿಸ್ತು, ನಾನು ತಿರುಗಿದ್ದು ನಿನಗೊಬ್ಬಳಿಗೇ ಕಂಡಿರೋದು.

ಆಮೇಲೆ ಕಾರಲ್ಲಿ "ನಿಂಗೆ ಕಂಟ್ರೋಲ್ ಇಲ್ಲ" ಅಂತ ಬೈದಿದ್ದೂ ನಾನೇ! ತಪ್ಪಾಯ್ತು ಕಣೇ.

ಎಮೋಷನಲ್ ಇಂಟೆಲಿಜೆನ್ಸ್ ಅಂತಾರಲ್ಲ, ಭಾವನೆ ಅರ್ಥ ಮಾಡ್ಕೊಂಡು ನಿಭಾಯಿಸೋ ಜಾಣತನ, ನಿದ್ದೆ ಬರದೆ ಅದನ್ನೇ ಓದ್ತಾ ಕೂತಿದ್ದೆ. 1990ರಲ್ಲಿ ಸಲೋವಿ, ಮೇಯರ್ ಅನ್ನೋ ಮನಶ್ಶಾಸ್ತ್ರಜ್ಞರು ಆ ಹೆಸರಲ್ಲಿ ಬರೆದಾಗ ಬೇರೆಯವರ ಭಾವನೆ ಗುರುತಿಸೋದನ್ನೂ ಅದರಲ್ಲಿ ಸೇರಿಸಿದ್ರು. ಆ ಲೆಕ್ಕಕ್ಕೆ ನೀನು ಜಾಣೆ, ನನ್ನ ಮುಖ ಸರಿಯಾಗೇ ಓದಿದೀಯ. ಆದ್ರೆ ಆ ಕಣ್ಣು ಎದುರಿನ ಹುಡುಗಿ ಮೇಲೆ ಇರ್ಬೇಕಿತ್ತು. 11 ಪಾಯಿಂಟಿಗೆ ಕೊಡೋ ಬ್ರೇಕಲ್ಲಿ ಅವಳು ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಂತಿದ್ಲು, ಏದುಸಿರು ಬಿಡ್ತಿದ್ಲು, ಎರಡು ಉದ್ದ ರ‍್ಯಾಲಿ ಆಡಿಸಿದ್ರೆ ಸಾಕಿತ್ತು. ನೋಡು, ಬೇಡ ಬೇಡ ಅಂದ್ರೂ ಲೆಕ್ಚರ್ ಶುರುವಾಯ್ತು.

ಇನ್ನೊಂದೇ ಹೇಳಿ ಬಿಡ್ತೀನಿ. ಗಾಬರಿ ಮೊದಲು ಕೈಗೆ ಬರುತ್ತೆ, ಗ್ರಿಪ್ ಬಿಗಿಯಾಗುತ್ತೆ, ಮಣಿಕಟ್ಟು ಆಡಲ್ಲ, ನೆಟ್ ಶಾಟ್ ಹಾಳಾಗುತ್ತೆ. ಬೆರಳು ಬಿಗಿಯಾಗಿದ್ದು ಗೊತ್ತಾದ ತಕ್ಷಣ "ಹೆದರಿದೀನಿ" ಅಂತ ಮನಸ್ಸಲ್ಲೇ ಹೇಳ್ಕೋ, ಉಸಿರು ನಿಧಾನಕ್ಕೆ ಬಿಡು, ಆಮೇಲೆ ಸರ್ವ್ ಮಾಡು. ಟೆನಿಸ್ ಆಡೋ ಫೆಡರರ್ ಇದ್ದನಲ್ಲ, ಅವನೂ ಹುಡುಗ ಆಗಿದ್ದಾಗ ರಾಕೆಟ್ ಎಸೀತಿದ್ದೋನು. 1526 ಸಿಂಗಲ್ಸ್ ಮ್ಯಾಚಲ್ಲಿ ಹತ್ರ ಹತ್ರ 80% ಗೆದ್ದೆ, ಪಾಯಿಂಟ್ ಲೆಕ್ಕ ಹಾಕಿದ್ರೆ ಬರೀ 54% ಅಂತ 2024ರಲ್ಲಿ ಡಾರ್ಟ್‌ಮತ್ ಕಾಲೇಜಲ್ಲಿ ಅವನೇ ಹೇಳಿದ. ಅಂಥೋನೇ ಹೆಚ್ಚುಕಮ್ಮಿ ಅರ್ಧದಷ್ಟು ಪಾಯಿಂಟ್ ಸೋತಿದಾನೆ, ನಾನು ಒಂದಕ್ಕೇ ಹಣೆ ಚಚ್ಚಿಕೊಂಡೆ.

ನಂಗೆ ನಿಜವಾದ ಹೆದರಿಕೆ ಇನ್ನೊಂದಿದೆ. ಒಂಬತ್ತು ವರ್ಷದವಳಿದ್ದಾಗ ಸೋತು ಅಳ್ತಿದ್ದಾಗ "ಅಳಬೇಡ, ಎಲ್ಲಾ ನೋಡ್ತಾರೆ" ಅಂದಿದ್ದೆ, ಅವತ್ತಿಂದ ನೀನು ನನ್ನ ಮುಂದೆ ಅತ್ತೇ ಇಲ್ಲ. ಟೋಕಿಯೋ ಒಲಿಂಪಿಕ್ಸಲ್ಲಿ ಜಿಮ್ನಾಸ್ಟ್ ಸಿಮೋನ್ ಬೈಲ್ಸ್, ಗಾಳೀಲಿ ಮೈ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ ಅಂತ ಟೀಮ್ ಫೈನಲ್ ಮಧ್ಯದಲ್ಲೇ ಬಿಟ್ಟು ಬಂದ್ಲು, ವಾರಕ್ಕೆ ಬ್ಯಾಲೆನ್ಸ್ ಬೀಮಲ್ಲಿ ಕಂಚು ತಗೊಂಡ್ಲು. ನಿಂಗೆ ಹಂಗಾದ್ರೆ ನಂಗೆ ಹೇಳ್ತೀಯಾ?

ರಾಕೆಟ್ಟಿಗೆ ಗಟ್ಟಿಂಗ್ (ತಂತಿ) ಹೊಸದಾಗಿ ಹಾಕ್ಸಿದೀನಿ, ನಿನ್ನ 24 ಪೌಂಡ್ ಬಿಗಿಗೇ, ಫ್ರೇಮ್ ಬಿರುಕು ಬಿಟ್ಟಿಲ್ಲ. ಮುಂದಿನ ಟೂರ್ನಮೆಂಟಿಗೆ ನಾನು ಬರ್ಲಾ ಬೇಡ್ವಾ ನೀನೇ ಹೇಳು. ಬಂದ್ರೆ ನಿನ್ನ ಬೆನ್ನ ಹಿಂದೆ ಕೂರ್ತೀನಿ, ಮೂರನೇ ಗೇಮಲ್ಲಿ 11ಕ್ಕೆ ನೀವು ಕಡೆ ಬದಲಾಯಿಸಿದಾಗ ನಾನೂ ಎದ್ದು ಆ ಕಡೆಗೆ ಹೋಗ್ತೀನಿ.

ಅಪ್ಪ