ಬಣ್ಣಕ್ಕಿಂತ ಮೊದಲು ಹಂತ ನೋಡಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಮೇಫ್ಲೈ ಎಂಬ ನೀರಿನಲ್ಲಿ ಬೆಳೆಯುವ ಕೀಟದ ಬಗ್ಗೆ, ಅದನ್ನು ಹೋಲುವ ‘ಫ್ಲೈ’ (ಮೀನು ಹಿಡಿಯಲು ಗಾಳಕ್ಕೆ ಗರಿ, ತುಪ್ಪಳ ಸುತ್ತಿ ಕಟ್ಟುವ ನಕಲಿ ಕೀಟ) ಕಟ್ಟುವುದರ ಬಗ್ಗೆ ಬಂದ ಬರಹ ಓದಿಸಿಕೊಂಡು ಹೋಯಿತು. ಆದರೆ ಜೊತೆಗಿದ್ದ ಚಿತ್ರ ಮೇಫ್ಲೈಯದ್ದಲ್ಲ, ಅದರಂತೆಯೇ ನೀರಿನಲ್ಲಿ ಬೆಳೆಯುವ ಸ್ಟೋನ್‌ಫ್ಲೈಯದ್ದು. ಅದರ ರೆಕ್ಕೆಗಳು ಬೆನ್ನಿನ ಮೇಲೆ ಚಪ್ಪಟೆಯಾಗಿ ಮಡಿಚಿಕೊಂಡಿವೆ. ಮೇಫ್ಲೈಗೆ ಹಾಗೆ ಮಡಿಚಲು ಬರುವುದೇ ಇಲ್ಲ, ಕುಳಿತಾಗ ಹಾಯಿಯಂತೆ ನೆಟ್ಟಗೆ ಎತ್ತಿ ಹಿಡಿಯುತ್ತದೆ. ಕ್ಯಾಡಿಸ್ ಎಂಬ ಇನ್ನೊಂದು ಕೀಟ ರೆಕ್ಕೆಗಳನ್ನು ಮನೆಯ ಸೂರಿನಂತೆ ಇಳಿಬಿಟ್ಟುಕೊಳ್ಳುತ್ತದೆ. ನೀರಿನೊಳಗಿನ ಮರಿಹುಳುವಾದರೆ ಭೂತಗನ್ನಡಿಯಲ್ಲಿ ಕಾಲಿನ ತುದಿ ನೋಡಬೇಕು: ಮೇಫ್ಲೈಗೆ ಒಂದು ಉಗುರು, ಸ್ಟೋನ್‌ಫ್ಲೈಗೆ ಎರಡು. ಮೇಫ್ಲೈ ಮರಿಯ ಹೊಟ್ಟೆಯ ಎರಡೂ ಬದಿಗೆ ಕಿವಿರುಗಳು ಎಲೆಯಂತೆಯೋ ಗರಿಯಂತೆಯೋ ಚಾಚಿಕೊಂಡಿರುತ್ತವೆ.

ಬಾಲ ಎಣಿಸಿ ಮೇಫ್ಲೈ ಗುರುತಿಸಿ ಎಂಬ ಆ ಬರಹದ ಸಲಹೆ ಅರ್ಧ ಮಾತ್ರ ಸರಿ. ಬೀಟಿಸ್ ಎಂಬ ಮೇಫ್ಲೈಯ ಮರಿಹುಳುವಿಗೆ ಬಾಲದ ಎಳೆ ಮೂರು, ಅದೇ ರೆಕ್ಕೆ ಬಂದ ಮೇಲೆ ಎರಡು. ಮರಿಯನ್ನು ನೋಡಿ, ನೀರಿನ ಮೇಲೆ ತೇಲುವ ಒಣ ಫ್ಲೈಗೂ ಮೂರು ಎಳೆ ಕಟ್ಟಿದವರು ಇಲ್ಲೇ ಎಡವುತ್ತಾರೆ. ಬೀಟಿಸ್ ಎಂದು ಖಚಿತಪಡಿಸಿಕೊಳ್ಳಲು ಹಿಂದಿನ ರೆಕ್ಕೆ ನೋಡುವುದು ವಾಸಿ, ಅದು ಹುಡುಕಬೇಕಾದಷ್ಟು ಚಿಕ್ಕದು. ಗಂಡಿನ ಕಣ್ಣಂತೂ ಪೇಟ ಸುತ್ತಿದಂತೆ ಮೇಲಕ್ಕೆ ಉಬ್ಬಿರುತ್ತದೆ.

ಬರಹದಲ್ಲಿ ಬಿಟ್ಟುಹೋದ ಮುಖ್ಯ ಸಂಗತಿ ಎಂದರೆ ರೆಕ್ಕೆ ಬಂದ ಮೇಲೂ ಮೇಫ್ಲೈ ಇನ್ನೊಮ್ಮೆ ಪೊರೆ ಕಳಚುತ್ತದೆ. ಬೇರೆ ಯಾವ ಕೀಟಕ್ಕೂ ಇಂದು ಈ ಗುಣವಿಲ್ಲ. ನೀರಿನಿಂದ ಎದ್ದಾಗಿನ ರೂಪಕ್ಕೆ ಫ್ಲೈ ಕಟ್ಟುವವರು ‘ಡನ್’ ಎನ್ನುತ್ತಾರೆ: ರೆಕ್ಕೆ ಮಬ್ಬು, ಮೈ ಮಂಕು. ಪೊರೆ ಕಳಚಿದ್ದು ‘ಸ್ಪಿನ್ನರ್’: ರೆಕ್ಕೆ ಗಾಜಿನಂತೆ, ಬಾಲ ಉದ್ದ. ಡನ್ ನೀರಿನ ಮೇಲೆ ನೆಟ್ಟಗೆ ಕುಳಿತು ತೇಲುತ್ತದೆ, ಮೊಟ್ಟೆಯಿಟ್ಟು ಸೋತ ಸ್ಪಿನ್ನರ್ ರೆಕ್ಕೆ ಚಾಚಿ ನೀರಿಗೆ ಅಂಟಿಕೊಳ್ಳುತ್ತದೆ. ಹೀಗಾಗಿ ಹಂತ ತಪ್ಪಿದರೆ ಬಣ್ಣ ಎಷ್ಟು ಹೊಂದಿದರೂ ಟ್ರೌಟ್ ಮೀನು ಹತ್ತಿರ ಬಂದು ನೋಡಿ ಹಿಂದಿರುಗುವುದುಂಟು.

ಬಣ್ಣದ ವಿಷಯಕ್ಕೆ ಬಂದರೆ, ಎಲ್ಲರೂ ಬೆನ್ನಿನ ಚಿತ್ರ ತೆಗೆಯುತ್ತಾರೆ, ಮೀನಿಗೆ ಕಾಣುವುದು ಹೊಟ್ಟೆ. ಅದು ಬಹುತೇಕ ಬೆನ್ನಿಗಿಂತ ತಿಳಿ. ಮೈಗೆ ಸುತ್ತುವ ತುಪ್ಪಳವನ್ನು ಒಣಗಿದ್ದಾಗ ಹೋಲಿಸಬೇಡಿ, ಒದ್ದೆ ಮಾಡಿ ಹೋಲಿಸಿ. ನೀರು ಕುಡಿದರೆ ಅದರ ಬಣ್ಣ ಗಾಢವಾಗುತ್ತದೆ.

16ನೇ ನಂಬರಿನ ಸಣ್ಣ ಗಾಳಕ್ಕೆ ಡನ್ ಕಟ್ಟುವುದಾದರೆ, ಗಾಳದ ಕಣ್ಣಿನ (ದಾರ ಪೋಣಿಸುವ ತೂತಿನ) ಹಿಂದೆ ಒಂದು ಕಣ್ಣಿನಷ್ಟು ಜಾಗ ಬಿಟ್ಟು ದಾರ ಹಚ್ಚಿ. ಈ ಜಾಗವನ್ನು ಕೊನೆಯವರೆಗೂ ಕಾಯಬೇಕು, ಹೊಸಬರ ಹತ್ತು ಫ್ಲೈಗಳಲ್ಲಿ ಎಂಟು ಕೆಡುವುದು ಇಲ್ಲೇ. ಬಾಲಕ್ಕೆ ಹುಂಜದ ಗರಿಯ ಗಡುಸು ಎಳೆ ಐದಾರು, ಉದ್ದ ಗಾಳದ ದಂಡದಷ್ಟು. ಬಾಲದ ಬುಡದಲ್ಲಿ ಸಾಸಿವೆಗಿಂತಲೂ ಸಣ್ಣ ತುಪ್ಪಳದ ಉಂಡೆಯಿಟ್ಟು ಎಳೆಗಳನ್ನು ಎರಡು ಬದಿಗೆ ಬಿಡಿಸಿದರೆ ಫ್ಲೈ ಪಕ್ಕಕ್ಕೆ ಮಗುಚುವುದಿಲ್ಲ. ಮೈಗೆ ಬೇಕಾದ ತುಪ್ಪಳ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಬೆರಳಿಗೆ ಹತ್ತಿತೋ ಇಲ್ಲವೋ ಎನ್ನುವಷ್ಟನ್ನು ಒಂದೇ ದಿಕ್ಕಿಗೆ ಹೊಸೆಯಿರಿ, ಆಚೀಚೆ ಹೊಸೆದರೆ ಬಿಚ್ಚಿಕೊಳ್ಳುತ್ತದೆ. ಸುತ್ತುಗರಿಯ, ಅಂದರೆ ಗಾಳಕ್ಕೆ ಸುತ್ತುವ ಹುಂಜದ ಕತ್ತಿನ ಗರಿಯ, ಎಳೆ ಗಾಳದ ಬಾಯಿಯ (ದಂಡಕ್ಕೂ ಮೊನೆಗೂ ನಡುವಿನ) ಅಗಲದ ಒಂದೂವರೆ ಪಟ್ಟು ಇರಲಿ. ಕಟ್ಟಿದ ರೆಕ್ಕೆಯ ಹಿಂದೆ ಗರಿಯ ಮೂರು ಸುತ್ತು, ಮುಂದೆ ಎರಡು ಸಾಕು. ಎಳೆ ಇದಕ್ಕಿಂತ ತುಂಬ ಉದ್ದವಾದರೆ ಫ್ಲೈ ಮುಂಗಾಲ ಮೇಲೆ ಎದ್ದು ನಿಂತಂತಾಗಿ ಹಿಂದಕ್ಕೆ ವಾಲುತ್ತದೆ.

ಸ್ಪಿನ್ನರ್‌ಗೆ ಸುತ್ತುಗರಿ ಬೇಡ. ರೆಕ್ಕೆಗೆ ಬಿಳಿ ಪಾಲಿ (ಪಾಲಿಪ್ರೊಪಿಲೀನ್) ನೂಲಿನ ತುಣುಕನ್ನು ಅಡ್ಡ ಇಟ್ಟು, ಇಂಗ್ಲಿಷಿನ ಎಂಟರ ಅಂಕಿಯಂತೆ ದಾರ ಸುತ್ತಿ, ಎರಡೂ ಬದಿ ಮೈಯ ಉದ್ದಕ್ಕೆ ಕತ್ತರಿಸಿ. ನೂಲು ದಪ್ಪವಾದರೆ ಎಸೆತದಲ್ಲಿ ಫ್ಲೈ ಗಿರಗಿರನೆ ತಿರುಗಿ ಅದಕ್ಕೆ ಕಟ್ಟಿದ ತುದಿದಾರ ಹುರಿಗೊಳ್ಳುತ್ತದೆ, ಅರ್ಧದಷ್ಟು ಎಳೆ ಕಿತ್ತುಹಾಕಿ.

ಈಜುವ ಮರಿಹುಳುವನ್ನು ಹೋಲುವ ಫ್ಲೈಗೆ ಕಾಲು ಕಟ್ಟಲೇಬೇಕು ಎಂಬ ಬರಹದ ಮಾತನ್ನೂ ಒಪ್ಪಲಾಗದು. ಇಂಗ್ಲೆಂಡಿನ ಏವನ್ ನದಿಯನ್ನು ನೋಡಿಕೊಳ್ಳುತ್ತಿದ್ದ ಫ್ರಾಂಕ್ ಸಾಯರ್ ತಮ್ಮ ಮರಿಹುಳು ಫ್ಲೈಯಾದ ‘ಫೆಸೆಂಟ್ ಟೇಲ್’ ನಿಂಫ್‌ಗೆ ದಾರವನ್ನೂ ಬಳಸಲಿಲ್ಲ, ಕಾಲನ್ನೂ ಕಟ್ಟಲಿಲ್ಲ. ಫೆಸೆಂಟ್ ಹುಂಜದ ಬಾಲದ ಎಳೆ, ಸಣ್ಣ ತಾಮ್ರದ ತಂತಿ, ಅಷ್ಟೇ. ಮರಿ ಈಜುವಾಗ ಕಾಲನ್ನು ಮೈಗೆ ಒತ್ತಿಕೊಂಡಿರುತ್ತದೆ ಎಂಬುದನ್ನು ಅವರು ಗಮನಿಸಿದ್ದರು. ತಂತಿ ಎರಡು ಕೆಲಸ ಮಾಡುತ್ತದೆ: ಎಳೆಯನ್ನು ಬಿಗಿಯುತ್ತದೆ, ಫ್ಲೈಯನ್ನು ಮುಳುಗಿಸುತ್ತದೆ.

ಮುಂದಿನ ಕಂತಿನಲ್ಲಿ ಚಿತ್ರ ತಿದ್ದಿ ಹಾಕುವುದಾದರೆ ಡನ್ ಮತ್ತು ಸ್ಪಿನ್ನರನ್ನು ಪಕ್ಕಪಕ್ಕ, ಹೊಟ್ಟೆಯ ಕಡೆಯಿಂದಲೇ ತೋರಿಸಿ.

ಇತಿ,
ಒಬ್ಬ ಓದುಗ